ಪಿಂಕಿಯ ತೂಕ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಕಾಶಿನಾಥನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹತ್ತು ದಿನದ ಹಿಂದೆ ಹುಣಸಮಾರನಹಳ್ಳಿಯ ದೊಡ್ಡಮುನಿಯಮ್ಮನ ಮುಂದೆ ಬಾಯಿ ಬಿಟ್ಟಿದ್ದ. ವಿಮಾನದಲ್ಲಿ ನಾಯಿಗೆ ತೂಕದ ಮೇಲೆ ಚಾರ್ಜು ಹಾಕುತ್ತಾರಂತೆ ಎಂದು ಸುಮ್ಮನೆ ಮಾತಿಗೊಂದು ಮಾತು ಹೇಳಿದ್ದ, ಅಷ್ಟೇ.

ನಾಯಿ ಅವನದಲ್ಲ. ವಿಜಾಪುರದ ಕಡೆಯಿಂದ ಬಂದು ಯಲಹಂಕದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಕಾಶಿನಾಥ, ಸಂಜಯನಗರದಲ್ಲಿ ಪ್ರೊಫೆಸರ್ ವೆಂಕಟಸ್ವಾಮಿಯವರ ಮನೆಯ ಹಿಂದಿನ ಶೀಟಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ. ಪ್ರೊಫೆಸರಿಗೆ ಅಮೆರಿಕದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ಮಕ್ಕಳಿಲ್ಲದ ಅವರ ಹೆಂಡತಿ ಲಕ್ಕಮ್ಮನವರು, ಪಿಂಕಿ ಎಂಬ ಬಿಳಿ ಪಮೇರಿಯನ್ನನ್ನೂ ಜೊತೆಗೆ ಕರೆದೊಯ್ಯಲೇಬೇಕೆಂದು ಹಟ ಹಿಡಿದಿದ್ದರು. ಮನೆಯಲ್ಲಿ ಟ್ರಂಕು ಕಟ್ಟುವ ಗಲಾಟೆ ಪಿಂಕಿಗೆ ಆಗಿಬರದೆ, ಅವಳನ್ನು ಹತ್ತು ದಿನದ ಮಟ್ಟಿಗೆ ದೊಡ್ಡಮುನಿಯಮ್ಮನ ಹಟ್ಟಿಯಲ್ಲಿ ಬಿಡಲಾಗಿತ್ತು. ಆಕೆ ಮೊದಲು ಕುರಿ ಸಾಕುತ್ತಿದ್ದಳು. ಕುರಿಗಿಂತ ಸಾಹೇಬರ ನಾಯಿ ಕಾಯುವುದೇ ಸುಖ ಎಂದು ಕಂಡುಕೊಂಡು, ಊರಿಗೆ ಹೋಗುವವರ ನಾಯಿಗಳನ್ನು ಅದೇ ಹಟ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಪಿಂಕಿಯ ಫಾರಂ, ಪೆಟ್ಟಿಗೆ, ಡಾಕ್ಟರ ಸರ್ಟಿಫಿಕೇಟು ಎಲ್ಲ ಕಾಶಿನಾಥನ ಹೊಣೆ. ಅದಕ್ಕೆ ಪ್ರತಿಯಾಗಿ ಲಕ್ಕಮ್ಮನವರು ಮಾತು ಕೊಟ್ಟಿದ್ದರು: ಪಿಂಕಿ ವಿಮಾನ ಹತ್ತಿದರೆ ಎರಡು ವರ್ಷ ದೊಡ್ಡ ಮನೆ ಕಾಶಿನಾಥನಿಗೆ, ಔಟ್‌ಹೌಸಿನ ಬಾಡಿಗೆಗೇ. ಹತ್ತದಿದ್ದರೆ ಇಲ್ಲ. ಅವನ ಹೆಂಡತಿ ಚಂದ್ರವ್ವ ಆಗಲೇ ದೊಡ್ಡ ಮನೆಯ ಕಿಟಕಿಗಳನ್ನು ಅಳೆದು, ಪರದೆಗೆಂದು ಹೂವಿನ ಬಟ್ಟೆ ಕೊಂಡು ತಂದಿದ್ದಳು.

ವಿಮಾನ ನಾಳೆ ಬೆಳಿಗ್ಗೆ. ಇವತ್ತು ಪಿಂಕಿಯನ್ನು ಕರೆತಂದು ಹೆಬ್ಬಾಳದ ಪಶು ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿದರೆ ಮುಗಿಯಿತು. ಕಾಶಿನಾಥ ರಜೆ ಹಾಕಿ ಹುಣಸಮಾರನಹಳ್ಳಿಗೆ ಬಂದಿಳಿದ. ಹಟ್ಟಿಯಿಂದ ಸಣಕಲು ಕಾಲಿನ, ಗುಲಾಬಿ ಬಣ್ಣದ ಪ್ರಾಣಿಯೊಂದು ಓಡಿಬಂದು ಅವನ ಪ್ಯಾಂಟು ನೆಕ್ಕಿತು. ಸಿಪ್ಪೆ ಸುಲಿದ ಗೆಣಸಿನಂತಿತ್ತು.

"ತೂಕಕ್ಕೆ ದುಡ್ಡು ಅಂದ್ಯಲ್ಲಪ್ಪ, ಅದ್ಕೇ ಕತ್ತರಿಸ್ದೆ," ಎಂದಳು ದೊಡ್ಡಮುನಿಯಮ್ಮ ಸಂತೋಷದಿಂದ. "ದೂರದ ಸಂತೆಗೆ ಕುರಿ ಒಡ್ಕಂಡೋಗೋವಾಗ್ಲೂ ನಾವು ಇಂಗೇ ಮಾಡೋದು. ಉಣ್ಣೆ ಚೀಲ್ದಾಗೈತೆ, ತಗಂಡೋಗು."

ಕಾಶಿನಾಥನಿಗೆ ಅಳು ಬಂತು. ಚೀಲ ಹಗುರವಾಗಿತ್ತು, ಎದೆ ಭಾರವಾಗಿತ್ತು. ಫಾರಮ್ಮಿನಲ್ಲಿ 'ಬಿಳಿ, ಉದ್ದ ಕೂದಲು' ಎಂದು ಅವನೇ ಚೆಂದದ ಅಕ್ಷರದಲ್ಲಿ ಬರೆದಿದ್ದ. ಮೇಲೆ ಪಿಂಕಿಯ ಫೋಟೋ ಬೇರೆ. ಅವನ ಮುಖ ನೋಡಿ ದೊಡ್ಡಮುನಿಯಮ್ಮನಿಗೆ ಪಾಪವೆನಿಸಿತು. ಇದು ಅದೇ ನಾಯಿ ಎಂದು ತಾನೇ ಬಂದು ಸಾಕ್ಷಿ ಹೇಳುತ್ತೇನೆಂದು ಸೆರಗು ಬಿಗಿದುಕೊಂಡು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿ, ಕುರಿಮರಿ ಎಂದುಕೊಂಡು ಲಗೇಜು ಟಿಕೆಟ್ ಹರಿದ. ಅಷ್ಟರಲ್ಲಿ ಕುರಿಮರಿ ಬೊಗಳಿತು. ಮೂವರನ್ನೂ ಕೊಡಿಗೇಹಳ್ಳಿ ಗೇಟಿನ ಹತ್ತಿರ ಇಳಿಸಿದರು. ಅಲ್ಲಿಂದ ಹೆಬ್ಬಾಳಕ್ಕೆ ಬಿಸಿಲಲ್ಲಿ ನಡಿಗೆ. ದಾರಿಯಲ್ಲಿ ಸಿಕ್ಕವರೆಲ್ಲ ನಾಯಿಗೆ ಏನಾಯಿತೆಂದು ಕೇಳುವವರೇ. ಒಬ್ಬರು ಬೇವಿನೆಣ್ಣೆ ಎಂದರು, ಇನ್ನೊಬ್ಬರು ಗಂಧಕ ಎಂದರು.

ಹೆಬ್ಬಾಳದ ಕೆರೆ ಏರಿಯ ಮೇಲೆ ಕಾಶಿನಾಥನ ಕಾರ್ಖಾನೆಯ ಪಂಚಪ್ಪ ಸೈಕಲ್ಲಿನಲ್ಲಿ ಸಿಕ್ಕ. ಕೇಳದೆ ಸಲಹೆ ಕೊಡುವುದರಲ್ಲಿ ಎತ್ತಿದ ಕೈ.

"ಕೂದ್ಲಾ ಚೀಲದಾಗ ಐತಿ, ನಾಯಿ ಕೈಯಾಗ ಐತಿ. ಅಂಟಿಸಿದ್ರ ಮುಗೀತಲ್ಲೋ," ಎಂದ ಪಂಚಪ್ಪ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಹೋಟೆಲಿನಲ್ಲಿ ಮೈದಾ ಬೇಡಿ, ಅಲ್ಲೇ ಅಂಟು ಕಾಯಿಸಿ ತಂದು, ಮೂವರೂ ಮರದ ಕೆಳಗೆ ಕೂತು ಪಿಂಕಿಗೆ ಹಿಡಿ ಹಿಡಿಯಾಗಿ ಕೂದಲು ಹಚ್ಚಿದರು. ದೂರದಿಂದ ನೋಡಿದರೆ ಪರವಾಗಿಲ್ಲ ಎನ್ನುವಂತಾಯಿತು. ಪಂಚಪ್ಪ ತನ್ನ ಕೆಲಸ ಮೆಚ್ಚಿಕೊಂಡು ಶಿಫ್ಟಿಗೆ ಹೋದ. ಆದರೆ ಆಸ್ಪತ್ರೆಯ ಸಾಲು ಉದ್ದವಿತ್ತು, ಪಿಂಕಿಗೆ ಹಸಿವೂ ಆಗಿತ್ತು. ಮೈದಾ ರುಚಿ ಹತ್ತಿದ ಅವಳು ಬಾಲದಿಂದ ಶುರುಮಾಡಿ ತನ್ನನ್ನು ತಾನೇ ನೆಕ್ಕಿ ಮುಗಿಸಿದಳು. ಡಾಕ್ಟರ ಮೇಜು ತಲುಪುವಾಗ ಉಳಿದಿದ್ದು ಬೆನ್ನ ಮೇಲಿನ ಒಂದು ಜುಟ್ಟು ಮಾತ್ರ. ಡಾಕ್ಟರು ಅದನ್ನು ಎರಡು ಬೆರಳಲ್ಲಿ ಹಿಡಿದರು. ಅದು ಕೈಗೇ ಬಂತು.

ದೊಡ್ಡಮುನಿಯಮ್ಮ ಸಾಕ್ಷಿ ಹೇಳಿದಳು, ಹುಣಸಮಾರನಹಳ್ಳಿಯ ಮಾರಮ್ಮನ ಆಣೆಯನ್ನೂ ಇಟ್ಟಳು. ಡಾಕ್ಟರು ಜಗ್ಗಲಿಲ್ಲ.

"ನಾಯಿಗೆ ಏನೂ ಆಗಿಲ್ಲ ಕಣ್ರೀ, ಗಟ್ಟಿಯಾಗಿದೆ," ಎಂದರು. "ಆದ್ರೆ ಫೋಟೋದಲ್ಲಿರೋ ನಾಯಿಗೆ ನಾನು ಸಹಿ ಹಾಕ್ಬೇಕು. ಕೂದ್ಲು ಬರ್ಲಿ, ಮೂರು ತಿಂಗಳು ಬಿಟ್ಟು ಬನ್ನಿ."

ಸಂಜೆ ಕಾಶಿನಾಥ ಸಂಜಯನಗರದ ಗೇಟು ತೆಗೆದು ದೊಡ್ಡಮುನಿಯಮ್ಮನನ್ನೂ ಪಿಂಕಿಯನ್ನೂ ಒಳಗೆ ಕರೆತಂದ. ಲಕ್ಕಮ್ಮನವರು ಪಿಂಕಿಯನ್ನು ನೋಡಿ ಟ್ರಂಕಿನ ಮೇಲೆ ಕುಸಿದು ಕೂತು ಅತ್ತರು. ಟಿಕೆಟ್ಟು ಬದಲಾಯಿಸುವ ಹಾಗಿಲ್ಲವೆಂದು ಪ್ರೊಫೆಸರು ಮೆಲ್ಲಗೆ ಹೇಳಿದರು. ಹೆಂಡತಿ ಅಳುವುದು ಕಂಡು ಅವರಿಗೂ ಸಂಕಟವಾಯಿತು. ಸಮಾಧಾನಕ್ಕೆಂದು ಪಿಂಕಿಯ ಬೆಳ್ಳಿ ಬಟ್ಟಲಿನಲ್ಲಿ ಹಾಲು ಅನ್ನ ಇಟ್ಟರು. ಮೊದಲು ಮನೆಮಂದಿಯೆಲ್ಲ ಬೇಡಿಕೊಂಡರೂ ಎರಡು ತುತ್ತು ತಿನ್ನದಿದ್ದ ಪಿಂಕಿ ಅದನ್ನು ಮೂಸಿ ದೊಡ್ಡಮುನಿಯಮ್ಮನ ಮುಖ ನೋಡಿದಳು. ಆಕೆ "ಊಂ, ಉಣ್ಣು" ಎಂದದ್ದೇ ತಡ, ಬಟ್ಟಲು ಬೆಳಗಿಟ್ಟಂತಾಯಿತು.

ಲಕ್ಕಮ್ಮನವರು ಕಣ್ಣೊರೆಸಿಕೊಂಡರು. ಅವರ ಮುಖದಲ್ಲಿ ಬೆಳಕು ಮೂಡಿತು. ಕಾಶಿನಾಥನ ಎದೆಯಲ್ಲೂ ಆಸೆ ಮೂಡಿತು.

"ಕೂದ್ಲು ಬರೋವರೆಗೂ ಪಿಂಕಿ ಇಲ್ಲೇ, ಅವಳ ಮನೇಲೇ ಇರ್ಲಿ," ಎಂದರು ಅವರು. "ಆಮೇಲೆ ಕಳಿಸಿಕೊಡಿ. ಅಲ್ಲೀತನಕ ದೊಡ್ಡಮುನಿಯಮ್ಮ, ನೀವು ಇಲ್ಲೇ ಬಂದಿರಿ. ಬಾಡಿಗೆ ಏನೂ ಬೇಡ."

ದೊಡ್ಡಮುನಿಯಮ್ಮ ತನ್ನ ಹಟ್ಟಿಯ ಉಳಿದ ಆರು ನಾಯಿಗಳ ಗತಿಯೇನೆಂದು ಕೇಳಿದಳು. ಪಿಂಕಿಗೂ ಜೊತೆಯಾಗುತ್ತದೆ, ಅವನ್ನೂ ಕರೆತನ್ನಿ ಎಂದರು ಲಕ್ಕಮ್ಮನವರು. ಆಮೇಲೆ, ಮಗು ಚಳಿಗೆ ನಡುಗುತ್ತಿದೆ, ಒಂದು ಅಂಗಿ ಹೊಲಿದು ಕೊಡು ಎಂದು ಚಂದ್ರವ್ವನಿಗೆ ಹೇಳಿದರು. ಮನೆಯಲ್ಲಿದ್ದ ಹೊಸ ಬಟ್ಟೆಯೆಂದರೆ ಒಂದೇ.

ಮಾರನೆಯ ಬೆಳಿಗ್ಗೆ ಪ್ರೊಫೆಸರ ಟ್ಯಾಕ್ಸಿ ಹೋಯಿತು, ಹಟ್ಟಿಯ ಆರು ನಾಯಿಗಳು ದೊಡ್ಡ ಮನೆಯ ಪಡಸಾಲೆಗೆ ಬಂದವು. ಪರದೆಯ ಹೂವಿನ ಅಂಗಿ ತೊಟ್ಟ ಪಿಂಕಿ ಸೋಫಾ ಮೇಲೆ ಮಲಗಿದ್ದಳು. ಔಟ್‌ಹೌಸಿನ ಬಾಗಿಲಲ್ಲಿ ಮುಖ ಊದಿಸಿ ಕೂತಿದ್ದ ಚಂದ್ರವ್ವನನ್ನು ಕಾಶಿನಾಥ ಸಂತೈಸಿದ.

"ಮೂರು ತಿಂಗಳು ಹ್ಯಾಂಗರ ಕಳೀತಾವ ತಗೋ. ಕೂದ್ಲಾ ಬಂದ್ಮ್ಯಾಲೆ ನಾಯಿ ಅಮೆರಿಕಾಕ್ಕ, ನಾವು ದೊಡ್ಡ ಮನೀಗೆ."

ಚಂದ್ರವ್ವ ನಕ್ಕಳು. ಕಾಶಿನಾಥನಿಗೂ ಹಾಯೆನಿಸಿತು. ಆ ಸಂತೋಷದಲ್ಲೇ ದೊಡ್ಡ ಮನೆಯ ಕಡೆ ತಿರುಗಿ ನೋಡಿದ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ ದೊಡ್ಡಮುನಿಯಮ್ಮ ಕುರಿಯ ಕತ್ತರಿಗೆ ಎಣ್ಣೆ ಸವರುತ್ತಿದ್ದಳು.

"ಮೂರು ತಿಂಗಳಿಗೆ ಬ್ಯಾಸ್ಗೆ ಅಲ್ವೇನಪ್ಪ," ಎಂದಳು ಅವನನ್ನು ಕಂಡು ಪ್ರೀತಿಯಿಂದ. "ಸೆಕೆ ತಡೀಯಾಕಿಲ್ಲ ಮಗೀಗೆ. ಇನ್ನೊಂದ್ಸಲ ಕತ್ತರಿಸ್ಬೇಕಾಗ್ತದೆ."