ಮೂವತ್ತೊಂಬತ್ತನೆಯ ಫೋಟೋ

ರೀಲಿನ ಕ್ಯಾಮೆರಾ ಒಳ್ಳೆಯದೋ, ಡಿಜಿಟಲ್ ಒಳ್ಳೆಯದೋ ಎಂಬ ಪ್ರಶ್ನೆಯನ್ನು ದಸರಾ ರಜೆಯಲ್ಲಿ ಶಾಶ್ವತವಾಗಿ ಬಗೆಹರಿಸಿಬಿಡಬೇಕೆಂದು ನಾನು ನಿರ್ಧರಿಸಿದೆ. ಜಗತ್ತೇನೂ ನನ್ನನ್ನು ಕೇಳಿರಲಿಲ್ಲ. ಆದರೆ ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯ ಅಲ್ಮಾರಿಯಲ್ಲಿ ಮದುವೆ ಕಾಲದ ಕ್ಯಾಮೆರಾ ಇತ್ತು, ಹೆಂಡತಿ ಸವಿತಾಳ ಕೈಯಲ್ಲಿ ಹೊಸ ಮೊಬೈಲು ಇತ್ತು. ಆನ್‌ಲೈನಿನಲ್ಲಿ ಒಂದು ರೀಲು ತರಿಸಿ, ನಾನೇ ತುಂಬಿದೆ.

ಸವಿತಾಳಿಗೆ ಬೇಕಾಗಿದ್ದು ಬೇರೆ. ಭಾಲ್ಕಿ ಕಡೆಯ ಭಾತಂಬ್ರಾದಲ್ಲಿರುವ ಅವಳ ಅವ್ವ, ಔರಾದಿನಲ್ಲಿರುವ ದೊಡ್ಡವ್ವ, ಇಬ್ಬರೂ ಎಪ್ಪತ್ತು ದಾಟಿದ ಅಕ್ಕತಂಗಿಯರು. ಅವರು ಜೊತೆಯಾಗಿ ನಿಂತ ಒಂದೇ ಒಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ.

"ಅವ್ವ ಎಷ್ಟ ವರ್ಷದಿಂದ ಕೇಳ್ಲಿಕತ್ತಾಳ. ಅದೊಂದು ಬಂದ್ರ ಸಾಕ್ರಿ" ಎಂದಳು.

"ಒಂದ್ಯಾಕ, ಎರಡು ಬರ್ತಾವ. ಒಂದು ಹೋದ್ರ ಇನ್ನೊಂದು ಇರ್ತದ" ಎಂದೆ.

ಮೊದಲ ದಿನ ಬೀದರ ಕೋಟೆ. ನಿಯಮ ಸರಳವಾಗಿತ್ತು: ಪ್ರತಿ ದೃಶ್ಯ ಒಮ್ಮೆ ರೀಲಿನಲ್ಲಿ, ಒಮ್ಮೆ ಮೊಬೈಲಿನಲ್ಲಿ. ಅರ್ಧ ಗಂಟೆಯೊಳಗೆ ನನ್ನ ತಲೆ ಕಲಸುಮೇಲೋಗರವಾಯಿತು. ಕ್ಯಾಮೆರಾ ಕ್ಲಿಕ್ಕಿಸಿ, ಫೋಟೋ ಹೇಗೆ ಬಂತೆಂದು ಅದರ ಬೆನ್ನು ನೋಡುತ್ತಿದ್ದೆ. ಮೊಬೈಲಿನಲ್ಲಿ ತೆಗೆದರೆ, ರೀಲು ಮುಂದಕ್ಕೆ ತಿರುಗಿಸಲು ಹೆಬ್ಬೆರಳು ಇಲ್ಲದ ಹಿಡಿಯನ್ನು ಹುಡುಕುತ್ತಿತ್ತು. ರೀಲು ಮುಗಿದೀತೆಂಬ ಭಯದಿಂದ ಮೊಬೈಲಿನಲ್ಲಿ ಜಿಪುಣತನ ಮಾಡಿದೆ. ಮೊಬೈಲಿನ ಧಾರಾಳತನ ಕ್ಯಾಮೆರಾಕ್ಕೆ ಬಂದು ಒಂದೇ ಪಾರಿವಾಳವನ್ನು ಹನ್ನೊಂದು ಸಲ ಹಿಡಿದೆ.

"ಅದಕ್ಕೇನು ಆಧಾರ್ ಕಾರ್ಡ್ ಮಾಡಸ್ಲಿಕತ್ತೀರೇನ್ರಿ?" ಎಂದು ಸವಿತಾ ಮೊಬೈಲು ಕಸಿದುಕೊಂಡು, ತನ್ನದೊಂದು ಸೆಲ್ಫಿ ತೆಗೆದುಕೊಂಡು ನನಗೆ ಮರಳಿಸಿದಳು.

ಮರುದಿನ ಭಾತಂಬ್ರಾದಿಂದ ಅತ್ತೆಯವರನ್ನು ಕರೆದುಕೊಂಡು ಔರಾದಿಗೆ ಹೋದೆವು. ದೊಡ್ಡವ್ವ ಹಳೆಯ ಸ್ಟುಡಿಯೋ ಕಾಲದವರು. ಕ್ಯಾಮೆರಾ ನೋಡಿದ್ದೇ ತಡ, ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದರು. ತಂಗಿಯ ಪಕ್ಕ ನೆಟ್ಟಗೆ ನಿಂತು ಉಸಿರು ಬಿಗಿಹಿಡಿದರು. ಫೋಟೋ ತೆಗೆಯುವವನು "ಆಯ್ತು" ಅನ್ನುವ ತನಕ ಉಸಿರು ಬಿಡಬಾರದೆಂಬುದು ಅವರ ಕಾಲದ ಶಿಸ್ತು.

ಆಗ ನನ್ನ ಕಣ್ಣು ಫೋಟೋ ಎಣಿಸುವ ಕಿಂಡಿಯ ಮೇಲೆ ಬಿತ್ತು. ರೀಲು ಮೂವತ್ತಾರು ಫೋಟೋದ್ದು. ಕಿಂಡಿಯಲ್ಲಿ ಮೂವತ್ತೆಂಟು! ಗೊಂದಲವಾಯಿತು. ಆದರೆ ಲಾಭದ ಗೊಂದಲ.

"ಕಂಪನಿಯವ್ರು ಭಾಳ ಧಾರಾಳ ಅದಾರ" ಎಂದೆ.

"ಜಲ್ದಿ ತೆಗೀರಿ, ಅಳಿಯಂದ್ರ" ಎಂದರು ಅತ್ತೆ. "ಅಕ್ಕನ ಮಾರಿ ಕೆಂಪಾಗ್ಲಿಕತ್ತದ."

ಗಡಿಬಿಡಿಯಲ್ಲಿ ಮೂವತ್ತೊಂಬತ್ತನೆಯದನ್ನು ಕ್ಲಿಕ್ಕಿಸಿದೆ. ಮೊಬೈಲನ್ನೂ ಕ್ಯಾಮೆರಾದಂತೆಯೇ ಕಣ್ಣಿಗೆ ಹಚ್ಚಿ ಗುಂಡಿ ಒತ್ತಿ, "ಆಯ್ತು" ಎಂದೆ. ದೊಡ್ಡವ್ವ ಉಸಿರು ಬಿಟ್ಟರು. ತೆಗೆದದ್ದನ್ನು ಕೂಡಲೇ ನೋಡುವಂತಿಲ್ಲ ಎಂಬ ರೀಲಿನ ನಿಯಮವನ್ನು ಸರಿಯಾಗಿ ಮೊಬೈಲಿಗೆ ಅನ್ವಯಿಸಿ ಜೇಬಿಗಿಟ್ಟೆ.

ಮನೆಗೆ ಬಂದು ಸವಿತಾ ಮೊಬೈಲು ತೆರೆದಳು. ಪರದೆಯ ತುಂಬ ಒಂದೇ ಒಂದು ಕಣ್ಣು. ನನ್ನದು. ಕೋಟೆಯಲ್ಲಿ ಸೆಲ್ಫಿಗೆ ತಿರುಗಿಸಿದ್ದು ಹಾಗೇ ಉಳಿದಿತ್ತು.

"ರೀಲಿನಾಗ ಅದ, ಕಾಳಜಿ ಮಾಡಬ್ಯಾಡ" ಎಂದೆ ಗಂಭೀರವಾಗಿ.

ರೀಲು ತೊಳೆಸಲು ಬೀದರಿನ ಹಳೆಯ ಸ್ಟುಡಿಯೋಕ್ಕೆ ಇಬ್ಬರೂ ಹೋದೆವು. ಅಲ್ಲಿಯ ಚಾಚಾ ಕ್ಯಾಮೆರಾದ ಗುಂಡಿ ತಿರುಗಿಸಿ ನೋಡಿದರು, ಮತ್ತೊಮ್ಮೆ ತಿರುಗಿಸಿದರು, ಆಮೇಲೆ ಮುಚ್ಚಳವನ್ನೇ ತೆರೆದರು.

"ಸಾಬ್, ರೀಲಿನ ತುದಿ ಒಳಗಿನ ಹಲ್ಲಿನ ಚಕ್ರಕ್ಕ ಸಿಕ್ಕೇ ಇಲ್ರಿ. ನಂಬರಷ್ಟೇ ತಿರುಗ್ಯಾವ, ರೀಲು ಸರದೇ ಇಲ್ಲ. ಒಂದು ಫೋಟೋನೂ ಬಿದ್ದಿಲ್ಲ. ಹೊಸಾದೇ ಅದ, ಮತ್ತ ತುಂಬಿ ವಾಪರ್ಸರಿ."

ಸವಿತಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ತಪ್ಪೊಪ್ಪಿಕೊಳ್ಳಲು ಭಾತಂಬ್ರಾಕ್ಕೆ ಹೋದೆವು. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡವ್ವನ ಫೋನು ಬಂತು. ಕಿವಿ ಮಂದವಾದ್ದರಿಂದ ಅತ್ತೆ ಯಾವಾಗಲೂ ಸ್ಪೀಕರ್ ಹಾಕುತ್ತಾರೆ.

"ಫೋಟೋ ಹ್ಯಾಂಗ ಬಂದದ?"

ಅಳಿಯನ ಮಾನ ತವರಿನವರ ಮುಂದೆ ಹೋಗಬಾರದು. ಅತ್ತೆ ನನ್ನನ್ನೊಮ್ಮೆ ನೋಡಿ, "ಭಾಳ ಚಂದ ಬಂದದ" ಎಂದರು.

"ನಾ ನಕ್ಕೀನೇನು?"

"ನಕ್ಕೀದಿ. ಬಾಯಿ ಮುಚ್ಚಿ ನಕ್ಕೀದಿ."

"ನಿನ್ನ ಕೈ ಎಲ್ಲಿ ಅದ?"

"ನಿನ್ನ ಹೆಗಲ ಮ್ಯಾಲ ಅದ."

"ಹಂಗಿದ್ರ ಸೋಮವಾರ ನೋಡ್ಲಿಕ್ಕಿ ಬರ್ತೇನಿ" ಎಂದರು ದೊಡ್ಡವ್ವ.

ನಾನು ತೆಗೆದ ಫೋಟೋಗಳಲ್ಲಿ ಇಷ್ಟು ಚೆನ್ನಾಗಿ ಬಂದದ್ದು ಇದೊಂದೇ. ಅಲ್ಲೇ ಕೂತು ಸವಿತಾ ಸೋಮವಾರದ ಏರ್ಪಾಡು ಮಾಡಿದಳು.

"ಈ ಸಲ ಫೋಟೋ ನಾನೇ ತೆಗಿತೇನಿ. ನೀವು ಬಸ್ ಸ್ಟ್ಯಾಂಡಿಗಿ ಹೋಗಿ ದೊಡ್ಡವ್ವನ ಕೈ ಹಿಡ್ಕೊಂಡು ಬರ್ರಿ. ನಿಮ್ಮ ಕೈಯಾಗ ಬ್ಯಾರೆ ಏನೂ ಇರಬಾರ್ದು."

ಮರುಮಾತಾಡದೆ ಒಪ್ಪಿಕೊಂಡೆ. ಹಿಡಿಯಬೇಕಾದದ್ದು ಎಡಗೈಯೋ ಬಲಗೈಯೋ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.