ಹತ್ತನೆಯ ಗಿರಾಕಿ

ಷರತ್ತು ಹಾಕುವವರನ್ನು ಕಂಡರೆ ಜನ ಪಕ್ಕಾ ವ್ಯವಹಾರಸ್ಥರು ಅಂದುಕೊಳ್ಳುತ್ತಾರೆ. ನಿಜ ಹೇಳುತ್ತೇನೆ, ನಮ್ಮಲ್ಲಿ ಅರ್ಧ ಮಂದಿ ಸೋಮಾರಿಗಳು. ಬನಹಟ್ಟಿಯಲ್ಲಿ ಚಿತ್ರಕಲೆ ಮಾಸ್ತರನಾಗಿ ನಿವೃತ್ತನಾದ ಮೇಲೆ, ಮಗ್ಗದವರು ಎಸೆದ, ನೂಲು ಸುತ್ತುವ ಕಟ್ಟಿಗೆಯ ಕಂಡಿಕೆಗಳನ್ನು ಆಯ್ದು ತಂದು ಪುಟ್ಟದೊಂದು ರೈಲು ಮಾಡಿದೆ. ಎಂಜಿನ್ನು, ಮೂರು ಡಬ್ಬಿ, ಸುತ್ತ ಹಳಿ. ಬ್ಯಾಟರಿ ಹಾಕಿದರೆ ಓಡುತ್ತಿತ್ತು. ಆರು ತಿಂಗಳು ಹಿಡಿಯಿತು, ಎರಡು ಬೆರಳಿಗೆ ಗಾಯದ ಪಟ್ಟಿ ಬಿತ್ತು. ಅಕ್ಕನ ಮೊಮ್ಮಗಳಿಗೆ ಕೊಟ್ಟು ಕೈತೊಳೆದುಕೊಂಡೆ.

ಆದರೆ ಅದರ ವೀಡಿಯೊ ಜಮಖಂಡಿ, ಮುಧೋಳ, ಬೀಳಗಿಯ ನೆಂಟರ ಮೊಬೈಲುಗಳಲ್ಲೆಲ್ಲ ಓಡಿತು. "ಸರ, ನಮಗೂ ಒಂದು ಮಾಡಿಕೊಡ್ರಿ" ಎಂದು ಫೋನೋ ಫೋನು. ಇನ್ನೊಂದು ಮಾಡುವ ಶಕ್ತಿ ಯಾರಿಗಿದೆ? ಹತ್ತು ಜನ ಹೆಸರು ಬರೆಸಿದರೆ ಮಾತ್ರ ಕೆಲಸ ಸುರು ಎಂದುಬಿಟ್ಟೆ. ಕ್ಯಾಲೆಂಡರಿನ ಪಕ್ಕ ಅಂಟಿಸಿದ ಪಟ್ಟಿ ಒಂಬತ್ತಕ್ಕೆ ನಿಂತಿತು. ಎಂಟು ತಿಂಗಳು ಸುಖವಾಗಿದ್ದೆ. ತೇರದಾಳದ ಮದುವೆಯೊಂದರಲ್ಲಿ ವಿಚಾರಿಸಿದವರಿಗೆ, "ಇನ್ನೊಬ್ಬರು ಬೇಕಲ್ರೀ" ಎಂದು ಮುಖ ಬಾಡಿಸಿ ಹೇಳಿ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಒಂದು ಮುಂಜಾನೆ ಪಟ್ಟಿ ನೋಡಿದವನಿಗೆ ಚಹಾ ನೆತ್ತಿಗೇರಿತು. ಹತ್ತನೆಯ ಹೆಸರು ಶಾಂತಾ. ನನ್ನ ಹೆಂಡತಿ!

"ಏನಿದು ಚ್ಯಾಷ್ಟಿ?"

"ಚ್ಯಾಷ್ಟಿ ಅಲ್ರೀ. ಮೂವತ್ತೆಂಟು ವರ್ಷದಾಗ ನನಗಂತ ಕೈಯಾರೆ ಏನರ ಮಾಡಿ ಕೊಟ್ಟೀರೇನು? ನನಗೂ ಒಂದು ರೈಲು ಬೇಕು."

ಹತ್ತು ರೈಲೆಂದರೆ ಐದು ವರ್ಷ! ಬೆವರುತ್ತಲೇ ಮಹಾಲಿಂಗಪುರದ ಬೀಗರಿಗೆ ಫೋನು ಮಾಡಿದೆ. ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. "ಹತ್ತು ಮಂದಿ ಆತ್ರಿ" ಎಂದೆ. ಆ ಕಡೆಯಿಂದ ಗಾಬರಿಯ ದನಿ: "ಖರೇನ ಮಾಡ್ತೀರೇನ್ರೀ? ಹತ್ತು ಮಂದಿ ಎಲ್ಲಿ ಸಿಗ್ತಾರ ಅಂತ ಹೆಸರ ಬರಿಸಿದ್ನಿರಿ! ಛಲೋ ಐತಿ ಅನ್ನೂ ಬದಲಿ ನಮಗೂ ಮಾಡಿಕೊಡ್ರಿ ಅಂದೆ, ಅಷ್ಟ."

ಉಳಿದ ಎಂಟು ಮಂದಿಯದೂ ಅದೇ ರಾಗ. ನನ್ನ ರೈಲು ಯಾರಿಗೂ ಬೇಕಿರಲಿಲ್ಲ! ಪಾರಾದೆನೆಂದು ಹಿಗ್ಗಬೇಕಾದವನು ಕುರ್ಚಿಯಲ್ಲಿ ಕುಸಿದು ಕೂತೆ.

ಶಾಂತಾ ಎಲ್ಲ ಕೇಳಿಸಿಕೊಂಡು, "ನಾ ಮಾತ್ರ ಹೆಸರು ತಗಸಂಗಿಲ್ಲ ನೋಡ್ರಿ" ಎಂದಳು.

ಷರತ್ತು ಮುರಿದು ಒಂದೇ ಒಂದು ಮಾಡಿದೆ. ಅದು ಓಡಿದಾಗ ಅವಳು ನೆಲದ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ಈಗ ಮನೆಗೆ ಬಂದವರಿಗೆಲ್ಲ ಓಡಿಸಿ ತೋರಿಸಿ, "ಒಬ್ಬರು ಹೇಳಿದ್ರೂ ಮಾಡಿಕೊಡ್ತಾರ್ರಿ" ಅನ್ನುತ್ತಾಳೆ. ಅವರು ನಕ್ಕು ಚಹಾ ಕುಡಿದು ಹೋಗುತ್ತಾರೆ. ನಾನು ಬಾಗಿಲತನಕ ಕಳಿಸಲು ಹೋಗಿ, ಈಗಲಾದರೂ ಕೇಳಿಯಾರೇನೋ ಎಂದು ಅವರು ಚಪ್ಪಲಿ ಮೆಟ್ಟುವವರೆಗೂ ನಿಂತಿರುತ್ತೇನೆ.