ಬಿಸಿಬೇಳೆಬಾತ್ ಮತ್ತು ಎರಡು ತಲೆಯ ಹಕ್ಕಿ

ಒಂದು ತಂಡ ಈ ವಾರ ಹುಲಿಯಂತೆ ಆಡಿ ಮುಂದಿನ ವಾರ ಇಲಿಯಂತೆ ಬಾಲ ಮುದುರಿಕೊಳ್ಳುವುದು ಯಾಕೆ ಎಂದು ಟೀವಿಯಲ್ಲಿ ಕೋಟು ಹಾಕಿಕೊಂಡು ಕೂತವರು ದಿನವಿಡೀ ಚರ್ಚಿಸುತ್ತಾರೆ. ಚೆಂಡು ಎಸೆಯುವವನ ಭುಜ ಅನ್ನುತ್ತಾರೆ, ಗಾಳಿಯ ದಿಕ್ಕು ಅನ್ನುತ್ತಾರೆ, ಏನೂ ಹೊಳೆಯದಿದ್ದರೆ ಆತ್ಮವಿಶ್ವಾಸ ಅನ್ನುತ್ತಾರೆ. ದೊಡ್ಡ ತಂಡಗಳ ವಿಷಯ ನನಗೆ ಗೊತ್ತಿಲ್ಲ. ಆದರೆ ಮಿಷಿಗನ್‌ನ ಪ್ಲಿಮತ್‌ನಲ್ಲಿರುವ ಒಂದು ಬೇಸ್‌ಬಾಲ್ ತಂಡದ ಏಳುಬೀಳಿಗೆ ಕಾರಣವೇನೆಂದು ಖಚಿತವಾಗಿ ಬಲ್ಲವನು ನಾನು. ಕಾರಣ ನಾನೇ. ಇದನ್ನು ಕನ್ನಡದಲ್ಲಿ ಬರೆದು ತಪ್ಪೊಪ್ಪಿಕೊಳ್ಳುತ್ತಿರುವುದಕ್ಕೂ ಒಂದು ಧೈರ್ಯವಿದೆ. ಆ ತಂಡದವರೆಲ್ಲ ಕನ್ನಡ ಮಾತಾಡುತ್ತಾರೆ, ಓದುವ ಪುರುಸೊತ್ತು ಮಾತ್ರ ಒಬ್ಬರಿಗೂ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನ ಜವಳಿ ಅಂಗಡಿಯೊಂದರಲ್ಲಿ ಬಟ್ಟೆ ಅಳೆಯುತ್ತಾ ಆಯುಷ್ಯ ಕಳೆದವನು. ಸೀರೆ ಬಿಡಿಸಿ ತೋರಿಸಿದರೆ ಗಿರಾಕಿಗಳು ಸೀರೆಯನ್ನು ಹೊಗಳುತ್ತಿದ್ದರೇ ಹೊರತು ಬಿಡಿಸಿದವನನ್ನಲ್ಲ. ಮನೆಯಲ್ಲಂತೂ ನಾನು ಮಾಡಿದ ಕಾಫಿಯನ್ನು ನನ್ನ ಹೆಂಡತಿ ಕಮಲ ಕಲಗಚ್ಚು ಎಂದೇ ಕರೆಯುತ್ತಿದ್ದಳು. ಮಗಳು ಸುಧಾಳ ಮನೆಗೆಂದು ಇಲ್ಲಿಗೆ ಬಂದ ಮೇಲೆ ಕಮಲಳ ಮಂಡಿನೋವು ಹೆಚ್ಚಾಗಿ ಸೌಟು ನನ್ನ ಕೈಗೆ ಬಂತು. ಉಪ್ಪಿಟ್ಟು ಗಂಟುಗಂಟಾಯಿತು, ಸಾರು ನೀರಾಯಿತು. ಆದರೆ ಬಿಸಿಬೇಳೆಬಾತ್ ಮಾತ್ರ, ನನ್ನ ಪೂರ್ವಜನ್ಮದ ಪುಣ್ಯವೋ ಏನೋ, ನನಗೆ ಒಲಿದುಬಿಟ್ಟಿತು.

ನನ್ನ ಅಳಿಯ ಹರೀಶ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನೂ ಅವನಂಥವರೇ ಆದ ಕೆಲವು ಸ್ನೇಹಿತರೂ ಬೇಸಿಗೆಯ ಶನಿವಾರಗಳಲ್ಲಿ ಪಾರ್ಕಿನಲ್ಲಿ ಬೇಸ್‌ಬಾಲ್ ಆಡುತ್ತಾರೆ. ಎಲ್ಲರೂ ಗಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಚೆಂಡು ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಸಾಕಿ ಓಡಬೇಕು ಎಂಬುದನ್ನು ಕಲಿಯುವುದಕ್ಕೇ ಅವರಿಗೆ ಒಂದು ಬೇಸಿಗೆ ಹಿಡಿಯಿತು. ಅಂಗಿಯ ಮೇಲೆ ಗಂಡಭೇರುಂಡ ಅಚ್ಚು ಹಾಕಿಸಿಕೊಂಡಿದ್ದಾರೆ. ಆ ಎರಡು ತಲೆಯ ಹಕ್ಕಿಯಲ್ಲಿ ಒಂದು ತಲೆ ಗೆಲ್ಲಲಿಕ್ಕೆ, ಇನ್ನೊಂದು ಸೋಲಲಿಕ್ಕೆ ಎಂದು ನೋಡುವವರಿಗೆ ಅನ್ನಿಸಬೇಕು, ಹಾಗಿತ್ತು ಅವರ ಆಟ.

ಒಂದು ಶನಿವಾರ ದೊಡ್ಡ ಕುಕ್ಕರ್‌ನಲ್ಲಿ ಬಾತ್ ಮಾಡಿ, ಕುಕ್ಕರಿಗೆ ಟವೆಲ್ ಸುತ್ತಿ ಮೈದಾನಕ್ಕೆ ಒಯ್ದೆ. ಆಟಕ್ಕೆ ಮೊದಲು ಎಲ್ಲರೂ ತಿಂದರು. ಹುಬ್ಬಳ್ಳಿಯ ಬಸವರಾಜ ಎರಡನೇ ಸಲ ತಟ್ಟೆ ಒಡ್ಡುತ್ತಾ, "ಏನ್ ಕೈಗುಣಾರೀ ಅಂಕಲ್ ನಿಮ್ದು! ನಮ್ಮವ್ವ ನೋಡಿದ್ರ ಹೊಟ್ಟಿಕಿಚ್ಚು ಪಡ್ತಾಳ ನೋಡ್ರಿ" ಅಂದ. ಯಾರಿಗೆ ಹೇಳುತ್ತಿದ್ದಾನೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಒಂದು ಕಸದ ಡಬ್ಬಿ ಇತ್ತು, ಅಷ್ಟೆ. ಅಂದರೆ ಹೊಗಳಿಕೆ ನನಗೇ! ಈ ವಯಸ್ಸಿನಲ್ಲಿ ಮೊದಲ ಸಲ ಹೊಗಳಿಸಿಕೊಂಡವನ ಸ್ಥಿತಿ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ಅಂದು ಅವರು ಹೀನಾಯವಾಗಿ ಸೋತರು. ಅದು ನನ್ನ ಗಮನಕ್ಕೇ ಬರಲಿಲ್ಲ.

ಬರಬರುತ್ತಾ ಗಮನಕ್ಕೆ ಬಂತು. ನನಗೆ ಡ್ರೈವಿಂಗ್ ಬರುವುದಿಲ್ಲ, ಸುಧಾಳೇ ಕರೆದುಕೊಂಡು ಹೋಗಬೇಕು. ಅವಳಿಗೆ ಆಫೀಸಿನ ಫೋನು ಬಂದು ತಡವಾದ ದಿನ ನಮ್ಮವರು ಬಾತ್ ಇಲ್ಲದ ಹಗುರ ಹೊಟ್ಟೆಯಲ್ಲಿ ಬೆಂಕಿಯಂತೆ ಓಡಿ ಗೆದ್ದಿರುತ್ತಿದ್ದರು. ನಾವು ಸರಿಯಾದ ಹೊತ್ತಿಗೆ ಹೋದ ದಿನ ಸೋಲು ಖಾತ್ರಿ. ದೂರದ ಮೂಲೆಯಲ್ಲಿ ನಿಂತ ಬಸವರಾಜನ ಪಕ್ಕದಲ್ಲೇ ಚೆಂಡು ಬಿದ್ದರೆ, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಬಂದ ನೆಂಟರನ್ನು ನೋಡುವ ಹಾಗೆ ಅವನು ಅದನ್ನು ನೋಡುತ್ತಿದ್ದ.

ಹರೀಶ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗೆರೆಗಳನ್ನು ಎಳೆದು ತಲೆ ಕೆರೆದುಕೊಳ್ಳುತ್ತಿದ್ದ. "ಮಾವ, ಇದು ಕನ್ಸಿಸ್ಟೆನ್ಸಿ ಪ್ರಾಬ್ಲಮ್. ಎಲ್ಲಿ ಮಿಸ್ ಹೊಡೀತಿದೀವಿ ಅಂತಾನೇ ಗೊತ್ತಾಗ್ತಿಲ್ಲ."

"ಹೌದಪ್ಪ" ಅಂದೆ. "ಈ ಸಲ ತುಪ್ಪ ಇನ್ನೊಂಚೂರು ಮುಂದಾಗಿ ಹಾಕ್ಲಾ?"

ಕಮಲಳಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. "ಏನೂಂದ್ರೆ, ಆ ಹುಡುಗರನ್ನ ಸೋಲಿಸ್ತಿರೋದು ನಿಮ್ಮ ಕುಕ್ಕರ್ರು. ಬಾಯಿಬಿಟ್ಟು ಹೇಳ್ಬಾರ್ದಾ?"

"ಹೇಳಿದ್ರೆ ತರಬೇಡಿ ಅಂತಾರೆ ಕಣೇ."

"ಆಟ ಮುಗಿದ್ಮೇಲೆ ಬಡಿಸಿ."

ಅವಳಿಗೇನು ಗೊತ್ತು. ಆಟ ಮುಗಿದ ಮೇಲೆ ಒಬ್ಬನಿಗೆ ಮಗಳ ಭರತನಾಟ್ಯದ ಕ್ಲಾಸು, ಇನ್ನೊಬ್ಬನಿಗೆ ಹೆಂಡತಿಯ ಫೋನು. ಡಬ್ಬಿಗೆ ತುಂಬಿಕೊಂಡು "ಥ್ಯಾಂಕ್ಸ್ ಅಂಕಲ್" ಎನ್ನುತ್ತಾ ಕಾರು ಹತ್ತುತ್ತಾರೆ. ಕೂತು, ಬೆರಳು ನೆಕ್ಕಿ, ಕೈಗುಣ ಎಂದು ಬಾಯಿತುಂಬ ಹೊಗಳುವುದು ಆಟಕ್ಕೆ ಮೊದಲೇ. ಮೈದಾನದ ಪಕ್ಕದಲ್ಲಿ ತಂಡದವರು ಕೂರುವ ಮರದ ಬೆಂಚಿನ ಮೇಲೆ ನನಗಿದ್ದ ಜಾಗ ಆ ಮಾತಿನಿಂದ ಬಂದದ್ದು. ಬಾತ್ ಇಲ್ಲದಿದ್ದರೆ ನಾನು ಅಲ್ಲಿ ಯಾರೋ ಒಬ್ಬ ಮುದುಕ. ಹಾಗಾಗಿ ಎಲ್ಲ ಗೊತ್ತಿದ್ದೂ ಬಡಿಸಿದೆ. ಇದೇ ನನ್ನ ಪಾಪ.

ಏಳುತ್ತಾ ಬೀಳುತ್ತಾ ಹೇಗೋ ನಮ್ಮವರು ಆ ಬೇಸಿಗೆಯ ಕಪ್ಪಿನ ಕೊನೆಯ ಆಟಕ್ಕೆ ಬಂದು ಮುಟ್ಟಿದರು. ಎದುರಾಳಿಗಳು ಷಿಕಾಗೋ ಪಕ್ಕದ ನೇಪರ್‌ವಿಲ್‌ನ ಕನ್ನಡದ ಹುಡುಗರು, ಬೆಳಗಿನ ಜಾವವೇ ಹೊರಟು ಡ್ರೈವ್ ಮಾಡಿಕೊಂಡು ಬಂದಿದ್ದರು. ಹರೀಶನಿಗೆ ಈ ಕಪ್ ಬೇಕೇಬೇಕಾಗಿತ್ತು. ಅವನ ಮುಖ ನೋಡಿ ನನಗೂ ಪಶ್ಚಾತ್ತಾಪ ಉಕ್ಕಿತು. ಆದರೆ ಕುಕ್ಕರ್ ಆಗಲೇ ಕೂಗಿತ್ತು. ಆಗ ಹೊಳೆಯಿತು ನೋಡಿ, ಕುಕ್ಕರನ್ನು ಎದುರಾಳಿಗಳ ಬೆಂಚಿಗೆ ಒಯ್ದರೆ ಹೇಗೆ? ನಮ್ಮವರು ತಿನ್ನದೆ ಗೆಲ್ಲುತ್ತಾರೆ, ಅವರು ತಿಂದು ಸೋಲುತ್ತಾರೆ, ನನಗೆ ಅತಿಥಿಸತ್ಕಾರದ ಹೆಸರು. ಇಂಥ ಅಚ್ಚುಕಟ್ಟಾದ ಪ್ರಾಯಶ್ಚಿತ್ತ ಯಾರಿಗೆ ಸಿಗುತ್ತದೆ?

"ದೂರದಿಂದ ಬಂದಿದೀರಿ, ಮೊದಲು ನೀವು ತಿನ್ನಿ" ಎಂದು ನೇಪರ್‌ವಿಲ್‌ನವರಿಗೆ ಬಡಿಸಿದೆ. ಬಸವರಾಜ ಓಡಿ ಬಂದ. "ಅಂಕಲ್, ನಮಗ?"

"ಮ್ಯಾಚ್ ಆದ್ಮೇಲೆ ಕಣಪ್ಪ."

"ಆದಮ್ಯಾಲೆ ಏನ್ ಉಳೀತದ್ರೀ? ತಳಾ ಕೆರ್ಯಾಕತ್ಯಾರ ನೋಡ್ರಿ ಅಲ್ಲಿ!"

ನನ್ನ ಲೆಕ್ಕಾಚಾರದಲ್ಲಿ ಒಂದು ಸಣ್ಣ ತಪ್ಪಾಗಿತ್ತು. ನಮ್ಮವರು ಮನೆಯಲ್ಲಿ ದೋಸೆ ತಿಂದು ಬಂದು, ಅದರ ಮೇಲೆ ಬಾತ್ ತಿಂದು ತೂಕಡಿಸುವವರು. ಇವರು ದಾರಿಯುದ್ದಕ್ಕೂ ಪೆಟ್ರೋಲ್ ಬಂಕಿನ ಚಿಪ್ಸ್ ತಿಂದು ಬಂದವರು. ಹೊಟ್ಟೆಗೆ ಬಿಸಿಬಿಸಿ ಅನ್ನ ಬಿದ್ದದ್ದೇ ಅವರಿಗೆ ಆನೆಬಲ ಬಂತು. ನಮ್ಮವರಿಗೋ ಆಟದುದ್ದಕ್ಕೂ ಕಣ್ಣು ಕುಕ್ಕರಿನ ಮೇಲೆ. ಚೆಂಡು ಆಕಾಶದಿಂದ ಇಳಿಯುತ್ತಿದ್ದಾಗ ಬಸವರಾಜ ಎದುರಾಳಿಗಳ ಬೆಂಚಿನಲ್ಲಿ ಯಾರೋ ತಟ್ಟೆಯಲ್ಲುಳಿದ ಬಾತಿಗೆ ಬೂಂದಿ ಬೆರೆಸುತ್ತಿದ್ದುದನ್ನು ನೋಡುತ್ತಿದ್ದ. ಅಂಥ ಸೋಲನ್ನು ಗಂಡಭೇರುಂಡ ಹಿಂದೆಂದೂ ಸೋತಿರಲಿಲ್ಲ. ನೇಪರ್‌ವಿಲ್‌ನ ಕ್ಯಾಪ್ಟನ್ ನನ್ನನ್ನು ತಬ್ಬಿಕೊಂಡು, "ಅಂಕಲ್, ಈ ಕಪ್ ನಿಮ್ದು" ಎಂದು ನನ್ನ ಕೈಗೇ ಕೊಟ್ಟು ಫೋಟೋ ತೆಗೆಸಿದ. ಅದರಲ್ಲಿ ಎದುರಾಳಿಗಳ ಮಧ್ಯೆ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ.

ಕೊನೆಯ ಆಟವೆಂದು ಅಂದು ಕಮಲಳೂ ಬಂದಿದ್ದಳು, ಎಲ್ಲರೂ ಒಂದೇ ಕಾರಿನಲ್ಲಿ ವಾಪಸು ಹೊರಟೆವು. ಮನೆ ಹತ್ತಿರ ಬಂದಾಗ ಹರೀಶ, "ಮಾವ, ನಾವ್ಯಾಕೆ ಸೋಲ್ತೀವಿ ಅಂತ ನಂಗೆ ಇವತ್ತು ಗೊತ್ತಾಯ್ತು" ಅಂದ. ಬೆಂಚಿನ ಜಾಗ ಹೋಯಿತು, ಕೈಗುಣವೂ ಹೋಯಿತು ಅಂದುಕೊಂಡೆ.

"ಇವತ್ತು ನಿಮ್ಮ ಬಾತ್ ತಿಂದೋರು ಗೆದ್ರು, ತಿನ್ನದೇ ಇರೋರು ಸೋತ್ರು. ಅದರಲ್ಲೇನೋ ಇದೆ. ಇನ್ಮೇಲೆ ಮ್ಯಾಚ್‌ಗೆ ಮುಂಚೆ ಎಲ್ಲರಿಗೂ ಎರಡೆರಡು ತಟ್ಟೆ ಕಂಪಲ್ಸರಿ. ಮಾಡ್ಕೊಡ್ತೀರಲ್ಲ?"

ಪಕ್ಕದಲ್ಲಿದ್ದ ಕಮಲ ಮೊಣಕೈಯಿಂದ ತಿವಿದಳು. ಸತ್ಯ ನಾಲಿಗೆಯ ತುದಿಗೇ ಬಂದಿತ್ತು. ಗಂಟಲು ಸರಿಮಾಡಿಕೊಂಡು ಕೇಳಿದೆ:

"ಗೋಡಂಬಿ ಸ್ವಲ್ಪ ಜಾಸ್ತಿ ಹಾಕ್ಲಾ?"